ಜಾತ್ರೆ, ಮದುವೆ ಟ್ರಾಫಿಕ್‌ನಲ್ಲಿ ಹಳೇ ಅಂಬಾಸಿಡರ್, ಪದ್ಮಿನಿ ಕುದಿಯದಂತೆ ನೋಡಿಕೊಳ್ಳೋದು ಹೇಗೆ? ಇಲ್ಲಿದೆ ಮಾಹಿತಿ

ತುಮಕೂರು: ಹಳೇ ಕಾರಿಗೆ ಈಗ ಮತ್ತೆ ಬೆಲೆ ಬಂದಿದೆ. ಅಪ್ಪನ ಕಾಲದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯನ್ನು ರಿಪೇರಿ ಮಾಡಿಸಿ ಮದುವೆ ಮೆರವಣಿಗೆಗೆ ಬಾಡಿಗೆಗೆ ಬಿಡೋರೂ ಇದ್ದಾರೆ. ಹೈವೇಯಲ್ಲಿ ಸಲೀಸಾಗಿ ಓಡುವ ಈ ಗಾಡಿಗಳು ಕೈಕೊಡೋದು ಸಂತೆ ಬೀದಿಯಲ್ಲಿ, ಛತ್ರದ ಮುಂದೆ, ಸಿದ್ಧಗಂಗೆ ಜಾತ್ರೆಯಂಥ ಜನಜಂಗುಳಿಯಲ್ಲಿ. ಮುಳ್ಳು ಕೆಂಪು ಗೆರೆ ಮುಟ್ಟುತ್ತೆ, ಬಾನೆಟ್‌ನಿಂದ ಹೊಗೆಯಂಥ ಆವಿ ಬರುತ್ತೆ, ಗಾಡಿ ನಿಲ್ಲುತ್ತೆ.

ಬಹಳ ಜನ ಆಗ ಮಾಡೋ ಮೊದಲ ಕೆಲಸ ರೇಡಿಯೇಟರ್ ಕ್ಯಾಪ್ ತೆಗೆಯೋದು. ಅದೇ ದೊಡ್ಡ ಅಪಾಯ. ಒಳಗಿನ ಕುದಿನೀರು ಮುಖಕ್ಕೆ, ಕೈಗೆ ಹಾರಿ ಚರ್ಮ ಸುಟ್ಟುಹೋಗುತ್ತೆ. ಹಾಗಾಗಿ ಈ ಮಾಹಿತಿ ಗಾಡಿ ಉಳಿಸೋಕಷ್ಟೇ ಅಲ್ಲ, ಕೈ ಮುಖ ಉಳಿಸಿಕೊಳ್ಳೋಕೂ ಬೇಕು.

ನಿಧಾನಕ್ಕೆ ಹೋದಾಗಲೇ ಯಾಕೆ ಬಿಸಿ?

ಈಗಿನ ಕಾರುಗಳಲ್ಲಿ ಕರೆಂಟ್ ಫ್ಯಾನ್ ಇರುತ್ತೆ. ಗಾಡಿ ನಿಂತಿದ್ದರೂ ಬಿಸಿಯಾದ ಕೂಡಲೇ ಫ್ಯಾನ್ ತಾನೇ ಜೋರಾಗಿ ತಿರುಗುತ್ತೆ. 1489 ಸಿಸಿ ಎಂಜಿನ್ನಿನ ಹಳೇ ಅಂಬಾಸಿಡರ್, 1089 ಸಿಸಿಯ ಪದ್ಮಿನಿ ಹಾಗಲ್ಲ. ಇವುಗಳಲ್ಲಿ ಫ್ಯಾನ್ ಮತ್ತು ವಾಟರ್ ಪಂಪ್ ಎರಡನ್ನೂ ತಿರುಗಿಸೋದು ಎಂಜಿನ್ನಿನ ಬೆಲ್ಟ್. ಎಂಜಿನ್ ನಿಧಾನ ಆದರೆ ಫ್ಯಾನೂ ನಿಧಾನ, ನೀರಿನ ಓಟವೂ ನಿಧಾನ. ಎದುರುಗಾಳಿಯೂ ಇರಲ್ಲ. ಆದರೆ ಒಳಗೆ ಪೆಟ್ರೋಲ್ ಉರಿಯೋದು ನಿಲ್ಲಲ್ಲ.

ಇನ್ನೊಂದು ವಿಷಯ. ತುಮಕೂರು ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಇಲ್ಲಿ ಬರೀ ನೀರು 100ಕ್ಕಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತೆ. ರೇಡಿಯೇಟರ್ ಕ್ಯಾಪ್ ಒಳಗೆ ಒತ್ತಡ ಹಿಡಿದಿಟ್ಟು ಈ ಮಟ್ಟವನ್ನು ಮೇಲಕ್ಕೆ ಒಯ್ಯುತ್ತೆ. 7 ಪೌಂಡಿನ ಕ್ಯಾಪ್ ಇದ್ದರೆ ನೀರು ಕುದಿಯೋಕೆ ಸುಮಾರು 12 ಡಿಗ್ರಿ ಹೆಚ್ಚು ಬಿಸಿ ಬೇಕು. ಕ್ಯಾಪಿನ ರಬ್ಬರ್ ಸವೆದಿದ್ರೆ ಈ ಲಾಭ ಪೂರ್ತಿ ಹೋಯ್ತು. ಕ್ಯಾಪ್ ಸಣ್ಣ ಖರ್ಚಿನ ಸಾಮಾನು, ಅದೇ ಪೌಂಡಿನದ್ದು ಹೊಸದು ಹಾಕಿಸಿ. ಹೆಚ್ಚು ಪೌಂಡಿನದ್ದು ಬೇಡ, ಹಳೇ ರೇಡಿಯೇಟರಿನ ಬೆಸುಗೆ ಬಿಟ್ಟುಕೊಳ್ಳುತ್ತೆ.

ಬೋರ್ ನೀರು ಹಾಕಬೇಡಿ

ನಮ್ಮ ಜಿಲ್ಲೆಯ ಬಹಳಷ್ಟು ಕಡೆ ಬೋರ್‌ವೆಲ್ ನೀರು ಗಡಸು. ಸ್ನಾನದ ಹಂಡೆಯ ಒಳಗೆ ಕಟ್ಟೋ ಬಿಳಿ ಪದರ ನೋಡಿದ್ದೀರಲ್ಲ, ಅದೇ ಪದರ ರೇಡಿಯೇಟರ್ ಟ್ಯೂಬಿನಲ್ಲೂ ಎಂಜಿನ್ ಒಳಗೂ ಕಟ್ಟುತ್ತೆ. ಟ್ಯೂಬ್ ಮೊದಲೇ ಸಣ್ಣದು. ಪದರ ಕಟ್ಟಿದ ಮೇಲೆ ನೀರು ಓಡಲ್ಲ, ಬಿಸಿಯೂ ಹೊರಗೆ ಹೋಗಲ್ಲ.

ಬ್ಯಾಟರಿ ಅಂಗಡಿಯಲ್ಲಿ ಸಿಗೋ ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಸಮಸಮ ಬೆರೆಸಿ ಹಾಕಿ. ಡಬ್ಬಿಯ ಮೇಲೆ "ರೆಡಿ ಟು ಯೂಸ್" ಅಂತಿದ್ರೆ ನೀರು ಬೆರೆಸೋದು ಬೇಡ. ಕೂಲೆಂಟ್ ತುಕ್ಕನ್ನೂ ತಡೆಯುತ್ತೆ. ತೆಗೆದ ಹಳೇ ಕೂಲೆಂಟನ್ನು ಮಾತ್ರ ರಸ್ತೆ ಬದಿಗೆ ಚೆಲ್ಲಬೇಡಿ. ಅದು ಸಿಹಿ ವಿಷ, ನಾಯಿ ದನ ನೆಕ್ಕಿದರೆ ಸಾಯುತ್ತವೆ.

ರೇಡಿಯೇಟರ್ ಕಟ್ಟಿಕೊಂಡಿದೆಯಾ ಅಂತ ತಿಳಿಯೋದು ಸುಲಭ. ಗಾಡಿ ಓಡಿಸಿ ಬಿಸಿ ಮಾಡಿ, ಎಂಜಿನ್ ಪೂರ್ತಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಜಾಲರಿಯ ಮುಂಭಾಗ ಹುಷಾರಾಗಿ ಮುಟ್ಟಿ ನೋಡಿ. ಒಂದು ಕಡೆ ಬಿಸಿ, ನಡುವೆ ಅಲ್ಲಲ್ಲಿ ತಣ್ಣಗಿದ್ದರೆ ಆ ಜಾಗದ ಟ್ಯೂಬ್ ಮುಚ್ಚಿದೆ ಅಂತ ಅರ್ಥ. ಹಿತ್ತಾಳೆ ರೇಡಿಯೇಟರ್ ಆದರೆ ಕೆಲಸದವರು ಮೇಲಿನ ಟ್ಯಾಂಕ್ ಬಿಚ್ಚಿ, ಟ್ಯೂಬುಗಳಲ್ಲಿ ಪಟ್ಟಿ ಆಡಿಸಿ ತೆಗೆದು, ಮತ್ತೆ ಬೆಸುಗೆ ಹಾಕಿ ಕೊಡ್ತಾರೆ. ಎಸೆಯೋ ಅಗತ್ಯ ಇಲ್ಲ.

ಮನೆಯಲ್ಲೇ ನೋಡಬೇಕಾದ್ದು

ಫ್ಯಾನ್ ಬೆಲ್ಟ್: ಎಂಜಿನ್ ಆಫ್ ಇದ್ದಾಗ ನಡುವೆ ಹೆಬ್ಬೆರಳಲ್ಲಿ ಒತ್ತಿ. ಸುಮಾರು ಅರ್ಧ ಇಂಚು ಒಳಗೆ ಹೋದರೆ ಸರಿ. ಸಡಿಲ ಇದ್ರೆ ಫ್ಯಾನ್ ಜಾರುತ್ತೆ.

ಹೋಸ್ ಪೈಪ್: ಹಿಚುಕಿದಾಗ ಮೆತ್ತಗೆ ಊದಿದಂತಿದ್ದರೆ, ಬಿರುಕಿದ್ದರೆ ಬದಲಿಸಿ.

ಥರ್ಮೋಸ್ಟಾಟ್: "ನಮ್ಮ ಊರಿಗೆ ಇದು ಬೇಡ" ಅಂತ ಕಿತ್ತು ಎಸೆಯೋದು ಹಳೇ ರೂಢಿ. ಅದಿಲ್ಲದಿದ್ರೆ ಬೆಳಗ್ಗೆ ಎಂಜಿನ್ ಸರಿಯಾದ ಬಿಸಿಗೆ ಬರೋದು ತಡ ಆಗಿ ಸವೆತ, ಪೆಟ್ರೋಲ್ ಖರ್ಚು ಹೆಚ್ಚು. ಬಿಚ್ಚಿ ಪಾತ್ರೆಯ ನೀರಿನಲ್ಲಿ ಹಾಕಿ ಕಾಯಿಸಿ. ನೀರು ಕುದಿಯೋ ಮೊದಲೇ ಅದರ ಬಾಯಿ ತೆರೆಯಬೇಕು. ತೆರೆಯದಿದ್ರೆ ಹೊಸದು ಹಾಕಿಸಿ.

ಟೈಮಿಂಗ್: ಇಗ್ನಿಷನ್ ಟೈಮಿಂಗ್ ಲೇಟ್ ಆಗಿದ್ದರೂ, ಕಾರ್ಬುರೇಟರ್ ಪೆಟ್ರೋಲ್ ಕಮ್ಮಿ ಕೊಡ್ತಿದ್ದರೂ ಎಂಜಿನ್ ಬಿಸಿಯಾಗುತ್ತೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಹಾಕಿದಾಗ ಮಿಶ್ರಣ ಇನ್ನಷ್ಟು ತೆಳುವಾಗುತ್ತೆ, ಹಳೇ ರಬ್ಬರ್ ಪೈಪುಗಳೂ ಹಾಳಾಗುತ್ತವೆ. ಗೊತ್ತಿರೋ ಮೆಕ್ಯಾನಿಕ್ ಹತ್ರ ಎರಡೂ ಹೊಂದಿಸಿ.

ಬ್ರೇಕ್: ಚಕ್ರ ಹಿಡಿದುಕೊಂಡಿದ್ರೆ ಎಂಜಿನ್ ಸುಮ್ಮನೆ ಎಳೆದಾಡುತ್ತೆ. ಜ್ಯಾಕ್ ಹಾಕಿ ಚಕ್ರ ತಿರುಗಿಸಿ ನೋಡಿ.

ಹೂವಿನ ಅಲಂಕಾರದಲ್ಲಿ ಎಚ್ಚರ

ಮದುವೆ ಗಾಡಿಗಳಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ತಪ್ಪು ಇದು. ಮುಂದಿನ ಜಾಲರಿಗೆ ಅಡ್ಡಲಾಗಿ ಸೇವಂತಿಗೆ ಹಾರ, ಬೊಕೆ, ರಿಬ್ಬನ್ ಕಟ್ಟಿದರೆ ಗಾಳಿ ಒಳಗೆ ಹೋಗೋದು ಹೇಗೆ? ಮೆರವಣಿಗೆ ನಡೆಯೋ ವೇಗದಲ್ಲಿ ಹೋಗುತ್ತೆ, ಮೇಲೆ ಬಿಸಿಲು. ಹೂವನ್ನು ಬಾನೆಟ್ ಮೇಲೆ, ಬಾಗಿಲ ಹಿಡಿಕೆಗೆ ಕಟ್ಟಿಸಿ, ಜಾಲರಿ ಖಾಲಿ ಬಿಡಿ. ಹೆಚ್ಚುವರಿ ಲೈಟು, ಹಾರನ್ನು, ಬೋರ್ಡು ಅಡ್ಡ ಇದ್ದರೂ ಇದೇ ಮಾತು.

ಟ್ರಾಫಿಕ್‌ನಲ್ಲಿ ಸಿಕ್ಕಾಗ

ಮುಂದಿನ ಗಾಡಿಯ ಬೆನ್ನಿಗೆ ಅಂಟಿಕೊಂಡು ನಿಲ್ಲಬೇಡಿ. ಅದರ ಬಿಸಿ ಹೊಗೆ ನೇರ ನಿಮ್ಮ ರೇಡಿಯೇಟರಿಗೆ ಬರುತ್ತೆ. ಜಾಗ ಬಿಟ್ಟು ನಿಂತು, ಹತ್ತಡಿ ಖಾಲಿಯಾದ ಮೇಲೆ ಒಮ್ಮೆಗೇ ಮುಂದೆ ಹೋಗಿ. ಆಮೇಲೆ ಹಾಕಿಸಿದ ಎಸಿ ಇದ್ದರೆ ಆಫ್ ಮಾಡಿ.

ಮುಳ್ಳು ಏರೋಕೆ ಶುರುವಾದರೆ ನ್ಯೂಟ್ರಲ್‌ಗೆ ಹಾಕಿ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿಯಿರಿ. ಫ್ಯಾನ್, ಪಂಪ್ ಎರಡೂ ಜೋರಾಗುತ್ತವೆ. ಒಂದೆರಡು ನಿಮಿಷದಲ್ಲಿ ಇಳಿಯದಿದ್ರೆ ಹಠ ಮಾಡಬೇಡಿ. ಬದಿಗೆ ಹಾಕಿ, ಆಫ್ ಮಾಡಿ, ಬಾನೆಟ್ ಎತ್ತಿ ಬಿಡಿ. ಹೀಟರ್ ಹಾಕಿದರೆ ಬಿಸಿ ಇಳಿಯುತ್ತೆ ಅನ್ನೋ ಸಲಹೆ ನಿಜ, ಆದರೆ ಅದು ಹೀಟರ್ ಇರೋ ಗಾಡಿಗೆ ಮಾತ್ರ.

ಕೆಲವು ಸಲ ಮುಳ್ಳು ಸರಿಯಾಗೇ ಇರುತ್ತೆ, ಗಾಡಿ ಮಾತ್ರ ಕೆಮ್ಮಿ ನಿಲ್ಲುತ್ತೆ. ಎಂಜಿನ್ ಪಕ್ಕದ ಪೆಟ್ರೋಲ್ ಪಂಪ್ ಬಿಸಿಯಾಗಿ ಪೆಟ್ರೋಲ್ ಆವಿಯಾಗಿದೆ ಅಂತ ಅರ್ಥ. ಒದ್ದೆ ಬಟ್ಟೆಯನ್ನು ಪಂಪ್ ಮತ್ತು ಪೈಪಿನ ಮೇಲೆ ಸುತ್ತಿ ಹತ್ತು ನಿಮಿಷ ಕಾಯಿರಿ. ಡಿಸ್ಟ್ರಿಬ್ಯೂಟರಿಗೆ ನೀರು ತಾಗಬಾರದು.

ಕುದ್ದೇ ಬಿಟ್ಟರೆ

ಕನಿಷ್ಠ ಮುಕ್ಕಾಲು ಗಂಟೆ ಕ್ಯಾಪ್ ಮುಟ್ಟಬೇಡಿ. ಆಮೇಲೆ ಮೇಲಿನ ಹೋಸ್ ಪೈಪನ್ನು ದಪ್ಪ ಬಟ್ಟೆ ಹಿಡಿದು ಹಿಚುಕಿ. ಗಟ್ಟಿ ಇದ್ರೆ ಒಳಗೆ ಒತ್ತಡ ಇನ್ನೂ ಇದೆ. ಮೆತ್ತಗಾದ ಮೇಲೆ ಮುಖ ದೂರ ಇಟ್ಟು, ಕ್ಯಾಪನ್ನು ಮೊದಲ ಹಂತಕ್ಕೆ ಮಾತ್ರ ತಿರುಗಿಸಿ, ಆವಿ ಹೋಗಲು ಬಿಡಿ. ಆಮೇಲಷ್ಟೇ ತೆಗೆಯಿರಿ.

ಬಿಸಿ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡಬಹುದು. ತಣಿದ ಮೇಲೆ ಎಂಜಿನ್ ಚಾಲೂ ಮಾಡಿ ಸ್ವಲ್ಪಸ್ವಲ್ಪವೇ ಹಾಕಿ. ಆಗ ಬೇರೆ ನೀರು ಸಿಗದಿದ್ರೆ ಬೋರ್ ನೀರೇ ಆಗಲಿ, ಮನೆಗೆ ಬಂದು ಬದಲಿಸಿ. ಕಂಠದವರೆಗೂ ತುಂಬಬೇಡಿ, ಒಂದಿಂಚು ಜಾಗ ಇರಲಿ.

ಪದೇ ಪದೇ ಕುದಿದ ಗಾಡಿಯ ಆಯಿಲ್ ಮುಚ್ಚಳ ತೆಗೆದು ನೋಡಿ. ಮಜ್ಜಿಗೆ ಬಣ್ಣದ ನೊರೆ ಇದ್ದು, ನೀರೂ ಕಮ್ಮಿಯಾಗ್ತಿದ್ರೆ ಹೆಡ್ ಗ್ಯಾಸ್ಕೆಟ್ ಹೋಗಿರೋ ಸಾಧ್ಯತೆ ಹೆಚ್ಚು. ಆ ಗಾಡಿ ಓಡಿಸಬೇಡಿ.

ಕರೆಂಟ್ ಫ್ಯಾನ್ ಹಾಕಿಸಬಹುದಾ?

ಹಾಕಿಸಬಹುದು, ಟ್ರಾಫಿಕ್‌ಗೆ ಒಳ್ಳೇ ಉಪಾಯವೇ. ಆದರೆ ರಿಲೇ, ಫ್ಯೂಸ್ ಕಡ್ಡಾಯ. ಹಳೇ ಡೈನಮೋ ಇರೋ ಗಾಡಿಯಲ್ಲಿ ಐಡಲ್‌ನಲ್ಲಿ ಚಾರ್ಜ್ ಸಾಲದೆ ಬ್ಯಾಟರಿ ಇಳಿದುಹೋಗುತ್ತೆ, ಅದಕ್ಕೆ ಮೊದಲು ಆಲ್ಟರ್ನೇಟರ್ ಬೇಕು. ಕಟ್ಟಿಕೊಂಡ ರೇಡಿಯೇಟರ್ ಹಾಗೇ ಬಿಟ್ಟು ಫ್ಯಾನ್ ಹಾಕಿಸಿದರೆ ಮಾತ್ರ ದುಡ್ಡು ದಂಡ.

ಹೊರಡೋ ಮುಂಚೆ 5 ನಿಮಿಷ: ತಣ್ಣಗಿದ್ದಾಗ ನೀರಿನ ಮಟ್ಟ, ಆಯಿಲ್, ಬೆಲ್ಟ್, ಜಾಲರಿ ಮುಂದೆ ಅಡ್ಡ ಏನಾದ್ರೂ ಇದೆಯಾ, ಗೇಜ್ ಕೆಲಸ ಮಾಡ್ತಿದೆಯಾ ನೋಡಿ. ಡಿಕ್ಕಿಯಲ್ಲಿ 5 ಲೀಟರ್ ಒಳ್ಳೇ ನೀರು, ಒಂದು ಬೆಲ್ಟ್, ದಪ್ಪ ಬಟ್ಟೆ ಇರಲಿ. ಗಾಡಿಯನ್ನು ಡ್ರೈವರ್ ಕೈಗೆ ಕೊಟ್ಟು ಕಳಿಸೋರು ಕ್ಯಾಪ್ ವಿಷಯವನ್ನು ಅವರಿಗೂ ಹೇಳಿಯೇ ಕಳಿಸಿ.