ಬಟಾಣಿ ಕಾಳು, ಬೆಂಕಿಕಡ್ಡಿ

ನಮ್ಮಲ್ಲಿ ಅನೇಕರು ದಿನವೂ ಬೆಳಿಗ್ಗೆ ಮಕ್ಕಳನ್ನು ಕಿಂಡರ್‌ಗಾರ್ಟನ್ನಿಗೆ ಬಿಟ್ಟು ಕೆಲಸಕ್ಕೆ ಹೊರಡುತ್ತೇವೆ. ಆ ಹೆಸರನ್ನು 1840ರಲ್ಲಿ ಇಟ್ಟವನು ಫ್ರೀಡ್ರಿಕ್ ಫ್ರ್ಯೋಬೆಲ್. ಅವನ ಮೊದಲ ಶಿಶುಶಾಲೆ ನಾವೀಗ ನೆಲೆಸಿರುವ ಜರ್ಮನಿಯದೇ ಥ್ಯೂರಿಂಗನ್ ಪ್ರಾಂತದ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಚಿಕ್ಕ ಊರಿನಲ್ಲಿತ್ತು. ಅದಕ್ಕೆ ಬಹಳ ಮೊದಲು ಅವನು ಬರ್ಲಿನ್ನಿನಲ್ಲಿ ಖನಿಜ ಸಂಗ್ರಹಾಲಯದ ಸಹಾಯಕನಾಗಿದ್ದನು. ಹರಳುಗಳ ಮುಖ, ಅಂಚು, ಮೂಲೆಗಳನ್ನು ದಿನವೆಲ್ಲ ಕಂಡವನು. ಮಕ್ಕಳ ಕೈಗೆ ಅವನು ಕೊಟ್ಟ ವಸ್ತುಗಳಲ್ಲಿ ಅದರ ಗುರುತು ಕಾಣುತ್ತದೆ. ಮರದ ಗೋಲ, ಘನ, ಉರುಳೆ. ಇವುಗಳ ಜೊತೆಗೆ ಚೂಪಾದ ಕಡ್ಡಿ ಮತ್ತು ನೀರಿನಲ್ಲಿ ನೆನೆಸಿದ ಬಟಾಣಿ. ಕಡ್ಡಿಯ ತುದಿಯನ್ನು ಬಟಾಣಿಗೆ ಚುಚ್ಚಿದರೆ ಕಾಳೇ ಮೂಲೆ, ಕಡ್ಡಿಯೇ ಅಂಚು. ಒಣಗುತ್ತ ಬಂದಂತೆ ಕಾಳು ಕಡ್ಡಿಯನ್ನು ಬಿಗಿಯಾಗಿ ಹಿಡಿಯುತ್ತದೆ.

ಇಷ್ಟು ನಿರುಪದ್ರವಿಯಾದ ಶಾಲೆಗಳನ್ನು ಪ್ರಷ್ಯಾ ಸರ್ಕಾರ 1851ರಲ್ಲಿ ನಿಷೇಧಿಸಿತು. ನಾಸ್ತಿಕತೆ, ಸಮಾಜವಾದ ಎಂಬ ಆರೋಪ! ಅಣ್ಣನ ಮಗ ಕಾರ್ಲನ ಬರಹವನ್ನು ಚಿಕ್ಕಪ್ಪನ ತಲೆಗೆ ಕಟ್ಟಿದ್ದೂ ಇದಕ್ಕೆ ಕಾರಣವಾಯಿತು. ಮರುವರ್ಷವೇ ಫ್ರ್ಯೋಬೆಲ್ ತೀರಿಕೊಂಡನು. ನಿಷೇಧ ತೆರವಾದದ್ದು 1860ರಲ್ಲಿ.

ಇದನ್ನು ಓದುವಾಗ ನಮಗೆ ನರ್ಮದಾ ತೀರದ ಇನ್ನೊಂದು ಕಥೆ ನೆನಪಾಗುತ್ತದೆ. 1972ರಲ್ಲಿ ಮಧ್ಯಪ್ರದೇಶದ ಹೋಷಂಗಾಬಾದ್ ಜಿಲ್ಲೆಯ 16 ಸರ್ಕಾರಿ ಶಾಲೆಗಳಲ್ಲಿ, ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು ಹೊಸ ಬಗೆಯ ವಿಜ್ಞಾನ ಪಾಠವನ್ನು ಆರಂಭಿಸಿದವು. ಆರರಿಂದ ಎಂಟನೆಯ ತರಗತಿಯವರೆಗಿನ ಹಳ್ಳಿಯ ಮಕ್ಕಳು ಪ್ರಯೋಗಗಳನ್ನು ತಾವೇ ಮಾಡಬೇಕು. 'ಬಾಲ ವೈಜ್ಞಾನಿಕ್' ಎಂಬ ಅವರ ಪುಸ್ತಕದಲ್ಲಿ ಪ್ರಶ್ನೆಗಳಿದ್ದವೇ ಹೊರತು ಸಿದ್ಧ ಉತ್ತರಗಳಿರಲಿಲ್ಲ. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಬಹುದಿತ್ತು; ಹೀಗಾಗಿ ಬಾಯಿಪಾಠಕ್ಕೆ ಬೆಲೆಯಿರಲಿಲ್ಲ. ಹೂವಿನ ಭಾಗಗಳನ್ನು ಬಿಡಿಸಲು ಸೂಜಿಯ ಬದಲು ಜಾಲಿಮುಳ್ಳು ಸಾಕಾಯಿತು. ಮಕ್ಕಳು ಸಂದೇಹಗಳನ್ನು ಕಾಗದದಲ್ಲಿ ಬರೆದು 'ಸವಾಲೀರಾಮ್' ಎಂಬ ಕಲ್ಪಿತ ವ್ಯಕ್ತಿಗೆ ಕಳುಹಿಸಿದರೆ ಉತ್ತರ ಬರುತ್ತಿತ್ತು.

ಪುಣೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದ ಅರವಿಂದ ಗುಪ್ತಾ 1978ರಲ್ಲಿ ರಜೆ ಹಾಕಿ ಅಲ್ಲಿಗೆ ಬಂದರು. ಸೈಕಲ್ ಚಕ್ರದ ವಾಲ್ವಿಗೆ ತೊಡಿಸುವ ಸಣ್ಣ ರಬ್ಬರ್ ನಳಿಕೆಯ ತುಂಡಿನಿಂದ ಅವರು ಬೆಂಕಿಕಡ್ಡಿಗಳನ್ನು ಜೋಡಿಸಿದರು (ಮದ್ದನ್ನು ಮೊದಲೇ ಕೆರೆದು ತೆಗೆಯಬೇಕು). ಮೂರು ಕಡ್ಡಿಗಳ ತ್ರಿಕೋನವನ್ನು ಎಷ್ಟು ಒತ್ತಿದರೂ ಅದರ ಆಕಾರ ಕೆಡದು. ನಾಲ್ಕು ಕಡ್ಡಿಗಳ ಚೌಕವೋ, ಬೆರಳು ತಾಗಿದೊಡನೆ ವಾಲಿ ವಜ್ರಾಕೃತಿಯಾಗುತ್ತದೆ. ಸೇತುವೆಯ, ಮನೆಯ ಮಾಡಿನ ಚೌಕಟ್ಟಿನಲ್ಲಿ ಓರೆತೊಲೆಗಳೇಕೆ ಎಂಬುದನ್ನು ಮಗು ಹೀಗೆ ಬೆರಳಿನಿಂದಲೇ ಅರಿಯುತ್ತದೆ.

ಕಾರ್ಯಕ್ರಮ ಜಿಲ್ಲೆಯೆಲ್ಲ ಹಬ್ಬಿ, ಬೇರೆ ಜಿಲ್ಲೆಗಳಿಗೂ ಹರಡಿತು; 1982ರಲ್ಲಿ ಸ್ಥಾಪನೆಯಾದ ಏಕಲವ್ಯ ಸಂಸ್ಥೆ ಅದರ ಹೊಣೆ ಹೊತ್ತಿತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಎಲ್ಲೆಡೆಯೂ ಒಂದೇ ಪಠ್ಯವಿರಬೇಕೆಂಬ ವಾದ ಗೆದ್ದಿತು. ಮೂವತ್ತು ವರ್ಷ ಸರ್ಕಾರಿ ಶಾಲೆಗಳಲ್ಲೇ ಬಾಳಿದ್ದನ್ನು ಒಂದು ಆದೇಶದಿಂದ ಮುಗಿಸಿದ್ದು ತಪ್ಪೆಂದೇ ನಮ್ಮ ಅಭಿಪ್ರಾಯ. ಪ್ರಷ್ಯಾದ ನಿಷೇಧ ಒಂಬತ್ತು ವರ್ಷಕ್ಕೆ ಕೊನೆಗೊಂಡಿತು; ಹೋಷಂಗಾಬಾದಿನ ಶಾಲೆಗಳಿಗೆ ಆ ಕಾರ್ಯಕ್ರಮ ಮರಳಲಿಲ್ಲ. ಗುಪ್ತಾ ಅವರ ಆಟಿಕೆಗಳು ಮಾತ್ರ ಊರೂರು ಸುತ್ತಿದವು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಕಳೆದ ತಿಂಗಳು ನಮ್ಮ ಕನ್ನಡ ಶಾಲೆಯಲ್ಲಿ ಬಟಾಣಿಯನ್ನೇ ನೆಚ್ಚಿಕೊಂಡೆವು. ಏಳು ವರ್ಷದ ಹುಡುಗಿಯೊಬ್ಬಳು ವಾಲುತ್ತಿದ್ದ ಚೌಕಕ್ಕೆ ಕರ್ಣವಾಗಿ ಕಡ್ಡಿ ಇಡಲು ಹೊರಟಳು, ಕಡ್ಡಿ ಗಿಡ್ಡವಾಯಿತು. "ಇದಕ್ಕೆ ಉದ್ದದ್ದೇ ಯಾಕೆ ಬೇಕು ಆಂಟಿ?" ಎಂದು ಕೇಳಿದಳು. ಹೇಳಲು ಬಾಯಿ ತೆರೆದ ನಾವು ಸುಮ್ಮನಾಗಿ, ಒಂದು ಉದ್ದದ ಕಡ್ಡಿಯನ್ನೂ ಅಳತೆಪಟ್ಟಿಯನ್ನೂ ಅವಳ ಮುಂದಿಟ್ಟೆವು. ಮುಂದಿನ ಶನಿವಾರವೂ ಇದೇ ಆಟ ಮುಂದುವರಿಯುತ್ತದೆ. ಪಾಲಕರು ಒಣ ಬಟಾಣಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ ತರಬೇಕು. ಬೇಯಿಸಿದ್ದು ಬೇಡ, ಕಡ್ಡಿ ನಿಲ್ಲುವುದಿಲ್ಲ.