ಒಪೆರಾಸಿಯೋನ್ ತ್ರಿಯುನ್ಫೊ

ಒಪೆರಾಸಿಯೋನ್ ತ್ರಿಯುನ್ಫೊ ಸ್ಪೇನ್ ದೇಶದ, ಸ್ಪ್ಯಾನಿಷ್ ಭಾಷೆಯ ದೂರದರ್ಶನ ಗಾಯನ ಸ್ಪರ್ಧೆ. ಹೆಸರಿಗೆ ‘ವಿಜಯ ಕಾರ್ಯಾಚರಣೆ’ ಎಂದು ಅರ್ಥ. ‘ಓಟಿ’ ಎಂಬ ಸಂಕ್ಷಿಪ್ತ ರೂಪ ಹೆಚ್ಚು ಬಳಕೆಯಲ್ಲಿದೆ. ಇದರ ಪ್ರಸಾರ 2001ರ ಅಕ್ಟೋಬರ್ 22ರಂದು ಸ್ಪೇನಿನ ಸಾರ್ವಜನಿಕ ವಾಹಿನಿಯಲ್ಲಿ ಆರಂಭವಾಯಿತು. ಅಪರಿಚಿತ ಯುವ ಗಾಯಕರನ್ನು ಒಂದು ಸಂಗೀತ ವಿದ್ಯಾಲಯದಲ್ಲಿ ಒಟ್ಟಿಗೆ ಇರಿಸಿ, ತರಬೇತಿ ನೀಡಿ, ವಾರಕ್ಕೊಮ್ಮೆ ನೇರ ಪ್ರಸಾರದಲ್ಲಿ ಹಾಡಿಸುವುದು ಇದರ ಮೂಲ ಕಲ್ಪನೆ. ಸ್ಪೇನಿನ ಹಲವು ಪ್ರಮುಖ ಪಾಪ್ ಗಾಯಕರು ಈ ಸ್ಪರ್ಧೆಯ ಮೂಲಕ ಬೆಳಕಿಗೆ ಬಂದಿದ್ದಾರೆ. ಅವರಲ್ಲಿ ಅನೇಕರು ಸ್ಪರ್ಧೆಯನ್ನು ಗೆದ್ದವರಲ್ಲ.

ಸ್ಪರ್ಧೆಯ ಸ್ವರೂಪ

ಕಾರ್ಯಕ್ರಮವನ್ನು ಬಾರ್ಸಿಲೋನಾದ ಗೆಸ್ಟ್‌ಮ್ಯೂಸಿಕ್ ಸಂಸ್ಥೆ ರೂಪಿಸಿತು. ಅದರ ಮುಖ್ಯಸ್ಥರಲ್ಲಿ ತೋನಿ ಕ್ರುಸ್ ಮತ್ತು ಜೋಸೆಪ್ ಮರಿಯಾ ಮೈನಾತ್ ಹಿಂದೆ ‘ಲಾ ತ್ರಿಂಕಾ’ ಎಂಬ ಕ್ಯಾಟಲಾನ್ ಗಾಯಕ ತಂಡದ ಸದಸ್ಯರಾಗಿದ್ದರು.

ಮೊದಲ ಆವೃತ್ತಿಯಲ್ಲಿ 16 ಸ್ಪರ್ಧಿಗಳಿದ್ದರು. ಅವರು ‘ಅಕಾಡೆಮಿಯಾ’ ಎಂಬ ವಿದ್ಯಾಲಯದಲ್ಲೇ ವಾಸಿಸಿ ಗಾಯನ, ನೃತ್ಯ ಮತ್ತು ರಂಗಾಭಿನಯದ ಪಾಠಗಳನ್ನು ಕಲಿಯುತ್ತಿದ್ದರು. 1989ರ ಯೂರೋವಿಷನ್ ಗೀತಸ್ಪರ್ಧೆಯಲ್ಲಿ ಸ್ಪೇನನ್ನು ಪ್ರತಿನಿಧಿಸಿದ್ದ ಗಾಯಕಿ ನೀನಾ ವಿದ್ಯಾಲಯದ ನಿರ್ದೇಶಕಿಯಾಗಿದ್ದರು. ಕಾರ್ಲೋಸ್ ಲೊಸಾನೊ ನಿರೂಪಕರಾಗಿದ್ದರು. ವಿದ್ಯಾಲಯದ ದಿನಚರಿಯ ಸಾರಾಂಶ ಪ್ರತಿದಿನ ಪ್ರಸಾರವಾಗುತ್ತಿದ್ದುದರಿಂದ, ಗಾಯಕರು ತಪ್ಪುವುದನ್ನೂ ತಿದ್ದಿಕೊಳ್ಳುವುದನ್ನೂ ವೀಕ್ಷಕರು ಕಣ್ಣಾರೆ ಕಾಣುತ್ತಿದ್ದರು.

ಸ್ಪರ್ಧಿಗಳನ್ನು ಹೊರಗೆ ಕಳುಹಿಸುವ ಕ್ರಮ ಈ ಕಾರ್ಯಕ್ರಮದ ವೈಶಿಷ್ಟ್ಯ. ವಾರದ ಪ್ರದರ್ಶನದ ಬಳಿಕ ತೀರ್ಪುಗಾರರು ನಾಲ್ವರನ್ನು ಹೆಸರಿಸುತ್ತಾರೆ. ಅವರಲ್ಲಿ ಒಬ್ಬರನ್ನು ಅಧ್ಯಾಪಕರು, ಇನ್ನೊಬ್ಬರನ್ನು ಸಹಸ್ಪರ್ಧಿಗಳು ಉಳಿಸುತ್ತಾರೆ. ಉಳಿದ ಇಬ್ಬರ ಭವಿಷ್ಯವನ್ನು ಪ್ರೇಕ್ಷಕರ ಮತ ನಿರ್ಧರಿಸುತ್ತದೆ.

ಮೊದಲ ಆವೃತ್ತಿ

2002ರ ಫೆಬ್ರವರಿ 11ರಂದು ನಡೆದ ಅಂತಿಮ ಸುತ್ತನ್ನು 1 ಕೋಟಿ 20 ಲಕ್ಷಕ್ಕೂ ಹೆಚ್ಚು ಜನರು ವೀಕ್ಷಿಸಿದರು. ರೋಸಾ ಲೋಪೆಸ್ ಪ್ರಥಮ, ದವೀದ್ ಬಿಸ್ಬಾಲ್ ದ್ವಿತೀಯ ಮತ್ತು ದವೀದ್ ಬುಸ್ತಮಾಂತೆ ತೃತೀಯ ಸ್ಥಾನ ಪಡೆದರು. ಮೂವರೂ ಸಾಮಾನ್ಯ ಹಿನ್ನೆಲೆಯವರು. ಗ್ರಾನಾದಾ ಪ್ರಾಂತ್ಯದ ರೋಸಾ ತಮ್ಮ ಕುಟುಂಬದ ಸುಟ್ಟ ಕೋಳಿಯ ಅಂಗಡಿಯಲ್ಲಿ ದುಡಿಯುತ್ತಿದ್ದರು. ಅಲ್ಮೆರಿಯಾದ ಬಿಸ್ಬಾಲ್ ಊರ ಉತ್ಸವಗಳಲ್ಲಿ ಹಾಡುವ ವಾದ್ಯತಂಡವೊಂದರ ಗಾಯಕರಾಗಿದ್ದರು. ಕಾಂತಾಬ್ರಿಯಾದ ಬುಸ್ತಮಾಂತೆ ಕಟ್ಟಡ ಕೆಲಸ ಮಾಡುತ್ತಿದ್ದರು. ವೀಕ್ಷಕರು ಇವರನ್ನು ತಮ್ಮವರೆಂದು ಭಾವಿಸಲು ಈ ಹಿನ್ನೆಲೆಯೂ ಒಂದು ಕಾರಣವಾಯಿತು.

ಅದೇ ವರ್ಷ ರೋಸಾ ಎಸ್ಟೋನಿಯಾದ ತಾಲಿನ್ ನಗರದಲ್ಲಿ ನಡೆದ ಯೂರೋವಿಷನ್‌ನಲ್ಲಿ ಏಳನೆಯ ಸ್ಥಾನ ಗಳಿಸಿದರು. ಬಿಸ್ಬಾಲ್, ಬುಸ್ತಮಾಂತೆ, ಚೆನೋವಾ, ಗಿಸೆಲಾ ಮತ್ತು ಖೆನೊ ಅವರ ಹಿಂದೆ ನಿಂತು ಸಹಗಾಯನ ಮಾಡಿದರು.

ನಂತರದ ಆವೃತ್ತಿಗಳು

ಮೂರು ಆವೃತ್ತಿಗಳ ಬಳಿಕ, 2005ರಲ್ಲಿ ಸ್ಪರ್ಧೆಯು ತೆಲೆಸಿಂಕೊ ಎಂಬ ಖಾಸಗಿ ವಾಹಿನಿಗೆ ಸ್ಥಳಾಂತರಗೊಂಡಿತು. ಅಲ್ಲಿ ತೀರ್ಪುಗಾರ ರಿಸ್ತೊ ಮೆಖಿದೆಯವರ ಕಟು ಟೀಕೆಗಳು ಹಾಡಿನಷ್ಟೇ ಚರ್ಚೆಗೆ ಒಳಗಾದವು. ವೀಕ್ಷಕರ ಸಂಖ್ಯೆ ಕುಸಿದ ಕಾರಣ 2011ರ ಆವೃತ್ತಿಯನ್ನು ಅವಧಿಗೆ ಮುನ್ನವೇ ಮುಗಿಸಲಾಯಿತು.

2016ರಲ್ಲಿ ಮೊದಲ ಆವೃತ್ತಿಯ ಸ್ಪರ್ಧಿಗಳ ಪುನರ್ಮಿಲನದ ಸಾಕ್ಷ್ಯಚಿತ್ರ ಪ್ರಸಾರವಾಗಿ, ಬಾರ್ಸಿಲೋನಾದಲ್ಲಿ ಅವರ ಸಂಗೀತ ಕಚೇರಿ ನಡೆಯಿತು. ಮರುವರ್ಷ ಸ್ಪರ್ಧೆ ಸಾರ್ವಜನಿಕ ವಾಹಿನಿಗೆ ಮರಳಿತು. ವಿದ್ಯಾಲಯದ ಚಟುವಟಿಕೆಗಳನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿದ್ದರಿಂದ ಹೊಸ ಪೀಳಿಗೆಯ ಪ್ರೇಕ್ಷಕರು ದೊರೆತರು. 2020ರ ಆವೃತ್ತಿ ಕೋವಿಡ್ ಸಾಂಕ್ರಾಮಿಕದಿಂದ ಮಾರ್ಚ್‌ನಲ್ಲಿ ಸ್ಥಗಿತಗೊಂಡು, ಮೇ ತಿಂಗಳಲ್ಲಿ ಮುಂದುವರಿಯಿತು. 2023ರಿಂದ ಸ್ಪರ್ಧೆಯು ಅಮೆಜಾನ್ ಪ್ರೈಮ್ ವಿಡಿಯೊದಲ್ಲಿ ಪ್ರಸಾರವಾಗುತ್ತಿದೆ.

ವಿಜೇತರು (2024ರವರೆಗೆ)

- 2001–02: ರೋಸಾ ಲೋಪೆಸ್
- 2002–03: ಐನೋವಾ ಕಾಂತಾಲಪಿಯೆದ್ರಾ
- 2003–04: ವಿಸೆಂತೆ ಸೆಗಿ
- 2005: ಸೆರ್ಖಿಯೊ ರಿವೆರೊ
- 2006–07: ಲೊರೆನಾ ಗೋಮೆಸ್
- 2008: ವಿರ್ಖಿನಿಯಾ ಮಾಯೆಸ್ತ್ರೊ
- 2009: ಮಾರಿಯೊ ಆಲ್ವಾರೆಸ್
- 2011: ನಾವೆಲ್ ಸಚಾಕ್
- 2017–18: ಅಮಾಯಾ ರೊಮೆರೊ
- 2018: ಫೇಮಸ್ ಒಬೆರೊಗೊ
- 2020: ನಿಯಾ ಕೊರ್ರೆಯಾ
- 2023–24: ನಾಯಾರಾ

ಸ್ಪರ್ಧಿಗಳ ವೃತ್ತಿಜೀವನ

ಸ್ಪರ್ಧೆಯಲ್ಲಿ ಪಡೆದ ಸ್ಥಾನಕ್ಕೂ ಅನಂತರದ ವೃತ್ತಿಜೀವನಕ್ಕೂ ನೇರ ಸಂಬಂಧ ಕಂಡುಬರುವುದಿಲ್ಲ. ಎರಡನೆಯವರಾದ ಬಿಸ್ಬಾಲ್ ‘ಕೊರಾಸೋನ್ ಲತೀನೊ’ ಎಂಬ ಮೊದಲ ಆಲ್ಬಂನಿಂದ ಲ್ಯಾಟಿನ್ ಅಮೆರಿಕದಲ್ಲೂ ಹೆಸರಾಗಿ, 2003ರಲ್ಲಿ ಅತ್ಯುತ್ತಮ ನವ ಕಲಾವಿದರಿಗೆ ಸಲ್ಲುವ ಲ್ಯಾಟಿನ್ ಗ್ರ್ಯಾಮಿ ಪ್ರಶಸ್ತಿ ಪಡೆದರು. ಎರಡನೆಯ ಆವೃತ್ತಿಯಲ್ಲಿ ದ್ವಿತೀಯ ಸ್ಥಾನ ಪಡೆದ ಮನುವೆಲ್ ಕರ್ರಾಸ್ಕೊ ಸ್ವಂತ ಗೀತರಚನೆಯ ಬಲದಿಂದ ದೊಡ್ಡ ಕ್ರೀಡಾಂಗಣಗಳನ್ನು ತುಂಬಿಸುವ ಗಾಯಕರಾದರು. 2008ರಲ್ಲಿ ಎರಡನೆಯವರಾದ ಪಾಬ್ಲೊ ಲೋಪೆಸ್ ಪಿಯಾನೊ ನುಡಿಸುತ್ತ ಹಾಡುವ ಗೀತರಚನಕಾರರೆಂದು ಹೆಸರಾದರು. ಅವರ ಮೊದಲ ಆಲ್ಬಂ ಹೊರಬಂದದ್ದು 2013ರಲ್ಲಿ.

2017ರ ತಂಡ ಇದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನ. ವಿಜೇತೆ ಅಮಾಯಾ ಪ್ರಚಾರದ ಅಬ್ಬರವಿಲ್ಲದೆ ತಮ್ಮದೇ ಶೈಲಿಯ ಸಂಗೀತವನ್ನು ಆರಿಸಿಕೊಂಡರು. ದ್ವಿತೀಯ ಸ್ಥಾನದ ಐತಾನಾ ಸ್ಪೇನಿನ ಅತ್ಯಂತ ಜನಪ್ರಿಯ ಪಾಪ್ ಗಾಯಕಿಯರಲ್ಲಿ ಒಬ್ಬರಾದರು. ಎಲ್ಲರಿಗಿಂತ ಮೊದಲು ಹೊರಬಿದ್ದ ಮೀಮಿ, ‘ಲೋಲಾ ಇಂಡಿಗೊ’ ಎಂಬ ಹೆಸರಿನಲ್ಲಿ 2018ರಲ್ಲಿ ಹೊಸದಾಗಿ ಆರಂಭಿಸಿ ಯಶಸ್ಸು ಕಂಡರು.

ಕೆಲವರು ಬೇರೆ ದಾರಿಗಳನ್ನು ಕಂಡುಕೊಂಡರು. ಗಿಸೆಲಾ 2008ರ ಯೂರೋವಿಷನ್‌ನಲ್ಲಿ ಆಂಡೊರಾ ದೇಶದ ಪರವಾಗಿ ಹಾಡಿದರು. ‘ಫ್ರೋಜನ್’ ಚಿತ್ರದ ಸ್ಪೇನ್ ಆವೃತ್ತಿಯಲ್ಲಿ ಎಲ್ಸಾ ಪಾತ್ರದ ಹಾಡುಗಳಿಗೆ ಧ್ವನಿ ನೀಡಿದ ಅವರು 2020ರ ಆಸ್ಕರ್ ಸಮಾರಂಭದ ವೇದಿಕೆಯಲ್ಲೂ ಹಾಡಿದರು. ಮೊದಲ ಆವೃತ್ತಿಯಲ್ಲಿ ನಾಲ್ಕನೆಯವರಾಗಿದ್ದ ಚೆನೋವಾ 2023ರಲ್ಲಿ ಅದೇ ಕಾರ್ಯಕ್ರಮದ ನಿರೂಪಕಿಯಾದರು. ‘ಫೋರ್ಮುಲಾ ಅಬಿಯೆರ್ತಾ’ ಎಂಬ ತಂಡದಲ್ಲಿ ಹಾಡುತ್ತಿದ್ದ ಆಲೆಕ್ಸ್ ಕಾಸಾದೆಮುಂತ್ 2021ರ ಮಾರ್ಚ್‌ನಲ್ಲಿ ರಸ್ತೆ ಅಪಘಾತದಲ್ಲಿ ನಿಧನರಾದರು.

ಯೂರೋವಿಷನ್ ಸಂಬಂಧ

ರೋಸಾ ಅವರ ಬಳಿಕ ಬೆತ್ (2003, ಎಂಟನೆಯ ಸ್ಥಾನ), ರಮೋನ್ (2004, ಹತ್ತನೆಯ ಸ್ಥಾನ), ಸೊರಾಯಾ (2009), ಎದುರ್ನೆ (2015), ಅಮಾಯಾ ಮತ್ತು ಆಲ್ಫ್ರೆದ್ (2018) ಹಾಗೂ ಮೀಕಿ (2019) ಸ್ಪೇನನ್ನು ಪ್ರತಿನಿಧಿಸಿದರು. ಇವರಲ್ಲಿ 2009 ಮತ್ತು ಅನಂತರದವರಿಗೆ ದೊರೆತದ್ದು ಇಪ್ಪತ್ತರ ಆಚೆಗಿನ ಸ್ಥಾನಗಳು.

ಇತರ ದೇಶಗಳಲ್ಲಿ

ಪೋರ್ಚುಗಲ್ ಮತ್ತು ಅರ್ಜೆಂಟೀನಾಗಳಲ್ಲಿ ಇದೇ ಹೆಸರಿನ ಸ್ಪರ್ಧೆಗಳು ನಡೆದವು. ಭಾರತದಲ್ಲಿ 2005ರಲ್ಲಿ ಸೋನಿ ವಾಹಿನಿ ಪ್ರಸಾರ ಮಾಡಿದ ‘ಫೇಮ್ ಗುರುಕುಲ್’ ಇದೇ ಮಾದರಿಯ ಹಿಂದಿ ಕಾರ್ಯಕ್ರಮ. ಅದರಲ್ಲಿ ಕಾಜಿ ತೌಕೀರ್ ಮತ್ತು ರೂಪರೇಖಾ ಬ್ಯಾನರ್ಜಿ ಜಯ ಗಳಿಸಿದರು. ಅಂತಿಮ ಸುತ್ತು ತಲುಪದೆ ಹೊರಬಂದ ಅರಿಜಿತ್ ಸಿಂಗ್ ಮುಂದೆ ದೇಶದ ಪ್ರಮುಖ ಹಿನ್ನೆಲೆ ಗಾಯಕರಲ್ಲಿ ಒಬ್ಬರಾದರು. ಕನ್ನಡ ಚಿತ್ರಗೀತೆಗಳನ್ನೂ ಹಾಡಿದರು.