ಬಾಲಕಿಯರ ಫುಟ್‌ಬಾಲ್ ಮತ್ತು ಬೆಂಚಿನ ಶಿಸ್ತು: ಒಂದು ಟಿಪ್ಪಣಿ

2017ರವರೆಗೆ ಫುಟ್‌ಬಾಲ್ ನಿಯಮ ಪುಸ್ತಕ ಮಹಿಳೆಯರನ್ನು ಕಿರಿಯರು, 35 ದಾಟಿದವರು, ಅಂಗವಿಕಲರ ಸಾಲಿನಲ್ಲಿ ಕೂರಿಸಿತ್ತು. ಅಂಗಣದ ಅಳತೆ, ಆಟದ ಅವಧಿಯಂಥವನ್ನು ಅವರಿಗಾಗಿ ಸಡಿಲಿಸಬಹುದಿತ್ತು. ಆ ವರ್ಷ ನಿಯಮ ರೂಪಿಸುವ ಸಂಸ್ಥೆ ಐಎಫ್‌ಎಬಿ ಮಹಿಳೆಯರನ್ನು ಆ ಸಾಲಿನಿಂದ ತೆಗೆಯಿತು. ಶಿಸ್ತಿನ ವಿಷಯದಲ್ಲಂತೂ ಗಂಡು–ಹೆಣ್ಣು ಎಂಬ ಭೇದವಿಲ್ಲ. ಆದರೂ ‘ಹುಡುಗ್ಯಾರ ಆಟ, ಬಿಡ್ರಿ’ ಎಂಬ ಮಾತಿಗೆ ಕಾರ್ಡು ಜೇಬಿನಲ್ಲೇ ಉಳಿಯುವುದುಂಟು. ಈ ರಿಯಾಯಿತಿಯಿಂದ ಪೆಟ್ಟು ತಿನ್ನುವವರು ಆಡುವ ಹುಡುಗಿಯರೇ.

2019ರ ಜೂನ್ 23, ಫ್ರಾನ್ಸಿನ ವಾಲೆನ್ಸಿಯೆನ್. ಮಹಿಳಾ ವಿಶ್ವಕಪ್‌ನಲ್ಲಿ ಇಂಗ್ಲೆಂಡ್–ಕ್ಯಾಮರೂನ್ ಪಂದ್ಯ. ರೆಫ್ರಿ ಚೀನಾದ ಚಿನ್ ಲಿಯಾಂಗ್. ಶುರುವಿನಲ್ಲೇ ಕ್ಯಾಮರೂನಿನ ಲ್ಯೂಕೊ ಮೊಣಕೈ ಬೀಸಿದಾಗ ಬಂದದ್ದು ಹಳದಿ. ಆಫ್‌ಸೈಡ್ ಎಂದಿದ್ದ ಇಂಗ್ಲೆಂಡಿನ ಎರಡನೆಯ ಗೋಲನ್ನು ವಿಎಆರ್ (ವಿಡಿಯೊ ನೆರವಿನ ರೆಫ್ರಿ) ಮಾನ್ಯ ಮಾಡಿದಾಗ ಕ್ಯಾಮರೂನ್ ಆಟಗಾರ್ತಿಯರು ಗುಂಪುಗೂಡಿ ಪ್ರತಿಭಟಿಸಿದರು. ವಿರಾಮದ ನಂತರ ತಮ್ಮ ಗೋಲು ರದ್ದಾದಾಗ ಮತ್ತೆ ಆಟ ನಿಂತಿತು. ಕೊನೆಗೆ ಇಂಗ್ಲೆಂಡಿನ ಸ್ಟೆಫ್ ಹೌಟನ್ ಕಾಲಿಗೆ ಬಿದ್ದ ಭಾರೀ ಏಟಿಗೂ ಹಳದಿಯೇ. ಸ್ಕೋರು 3–0, ಕೆಂಪು ಕಾರ್ಡು ಒಂದೂ ಇಲ್ಲ. ಪಂದ್ಯ ಅರ್ಧಕ್ಕೇ ನಿಲ್ಲದಂತೆ ಚಿನ್ ತಾಳ್ಮೆ ವಹಿಸಿದರು ಎನ್ನುವವರಿದ್ದಾರೆ. ಆ ಒತ್ತಡ ನಿಜ. ಆದರೆ ಮೊದಲ ಮೊಣಕೈಗೇ ಕೆಂಪು ತೋರಿಸಿದ್ದರೆ ಹೌಟನ್ ಕಾಲು ಉಳಿಯುತ್ತಿತ್ತೇನೋ.

ಅದೇ ಜೂನ್ 1ರಿಂದ ಕೋಚ್ ಮುಂತಾದವರಿಗೂ ಕಾರ್ಡು ತೋರಿಸುವ ನಿಯಮ ಬಂದಿತ್ತು. ಅಲ್ಲಿಯವರೆಗೆ ರೆಫ್ರಿ ಅವರನ್ನು ಹೊರಗೆ ಕಳಿಸಬಹುದಿತ್ತು, ಕಾರ್ಡು ಮಾತ್ರ ಇರಲಿಲ್ಲ. ಈಗ ವ್ಯಂಗ್ಯದ ಚಪ್ಪಾಳೆ ತಟ್ಟಿದರೆ, ನೀರಿನ ಬಾಟಲಿ ಒದ್ದರೆ ಹಳದಿ. ಎದುರಾಳಿ ಆಟ ಶುರುಮಾಡದಂತೆ ಚೆಂಡು ಹಿಡಿದುಕೊಂಡರೆ, ರೆಫ್ರಿಯ ಮೇಲೆ ಏರಿಹೋದರೆ ಕೆಂಪು. ಬೆಂಚಿನಿಂದ ಬೈದವರು ಯಾರೆಂದು ಗೊತ್ತಾಗದಿದ್ದರೆ ಶಿಕ್ಷೆ ಅಲ್ಲಿರುವ ಹಿರಿಯ ಕೋಚ್‌ಗೆ.

ಈ ಕೊನೆಯ ಉಪನಿಯಮ ನಮ್ಮ ಹಳ್ಳಿಗಾಡಿಗೆಂದೇ ಬರೆದಂತಿದೆ. ಬೆಂಚಿನ ಜಾಗ ಎಂದರೆ ಕುರ್ಚಿಗಳ ಎರಡೂ ಬದಿಗೆ 1 ಮೀಟರ್, ಮುಂದೆ ಪಕ್ಕದ ಗೆರೆಗೆ 1 ಮೀಟರ್ ಉಳಿಯುವವರೆಗೆ. ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿಯ ಎರೆಮಣ್ಣಿನ ಅಂಗಣದಲ್ಲಿ ಮಳೆ ಬಿದ್ದರೆ ಸುಣ್ಣದ ಗೆರೆ ಎಲ್ಲಿ ಉಳಿದೀತು? ಕುರ್ಚಿ ಬಿಟ್ಟು ಎದ್ದ ಬದಲಿ ಆಟಗಾರ್ತಿ, ಸಹಪಾಠಿ, ಊರ ಹಿರಿಯ, ಎಲ್ಲರೂ ಗೆರೆಗೆ ಆತು ನಿಂತಿರುತ್ತಾರೆ. ಕೂಗು ಕೇಳುತ್ತದೆ, ಬಾಯಿ ಕಾಣುವುದಿಲ್ಲ. ಪ್ರೇಕ್ಷಕರಿಗೆ ಕಾರ್ಡಿಲ್ಲ, ಅವರನ್ನು ಹಿಂದೆ ಸರಿಸುವುದು ಸಂಘಟಕರ ಕೆಲಸ. ಆದ್ದರಿಂದ ಆಟಕ್ಕೆ ಮೊದಲೇ ಗುಂಪನ್ನು ಸರಿಸಿ, ಬೆಂಚಿನಲ್ಲಿ ಯಾರ್ಯಾರು ಎಂದು ಹೆಸರು ಬರೆದುಕೊಂಡು, ‘ಇಲ್ಲಿಂದ ಬರೂ ಮಾತಿಗೆಲ್ಲಾ ನೀವ ಜವಾಬ್ದಾರಿ, ಸರ್’ ಎಂದು ಕೋಚ್‌ಗೆ ಹೇಳಿಬಿಡಬೇಕು.

ಶಾಲಾ ಕ್ರೀಡಾಕೂಟದಲ್ಲಿ ಕಷ್ಟ ಇರುವುದೂ ಇಲ್ಲೇ. ಸೀಟಿ ಹಿಡಿದವರೂ ದೈಹಿಕ ಶಿಕ್ಷಕರು, ಕೋಚೂ ದೈಹಿಕ ಶಿಕ್ಷಕರು. ನಾಳೆ ಇನ್ನೊಂದು ಕೂಟದಲ್ಲಿ ಒಟ್ಟಿಗೇ ಕೆಲಸ. ಸೀಟಿ ಹಿಡಿದವರು ಕಿರಿಯ ಶಿಕ್ಷಕಿಯಾದರೆ ಸಂಕೋಚ ಇಮ್ಮಡಿ. ನಿಯಮ ಅವರಿಗೆ ಮೆಟ್ಟಿಲು ಕೊಟ್ಟಿದೆ: ಸಣ್ಣ ಗೊಣಗಾಟಕ್ಕೆ ಎಚ್ಚರಿಕೆ, ಮುಂದುವರಿದರೆ ಹಳದಿ, ಎರಡನೆಯ ಹಳದಿಗೆ ಕೆಂಪು. ಪಂದ್ಯ ಮುಗಿದ ಮೇಲೂ ಅಂಗಣ ಬಿಡುವವರೆಗೆ ಕಾರ್ಡಿನ ಅಧಿಕಾರ ಅವರದೇ.

ವರದಿಯ ಬಗ್ಗೆ ಒಂದು ಮಾತು. ‘ಅಸಭ್ಯವಾಗಿ ವರ್ತಿಸಿದರು’ ಎಂದಷ್ಟೇ ಬರೆದರೆ ಶಿಸ್ತು ಸಮಿತಿಗೆ ಹಿಡಿಯಲು ಏನೂ ಸಿಗದು. ಎಷ್ಟನೆಯ ನಿಮಿಷ, ಯಾರು, ಎಲ್ಲಿ ನಿಂತು, ಏನಂದರು ಎಂಬುದನ್ನು ಬೈಗುಳ ಸಮೇತ, ಕೇಳಿದ ಧಾರವಾಡದ ಕನ್ನಡದಲ್ಲೇ ಬರೆಯಬೇಕು.